ಗಣೇಶನ ಗಾಡಿಗೆ ಗೇಟಿಲ್ಲ

ಮುಳಬಾಗಿಲಿನ ಕೋದಂಡರಾಮಪ್ಪನವರು ಮೂವತ್ತೊಂದು ವರ್ಷ ಆಂಧ್ರದ ಗಡಿಯ ಒಂದು ಚೆಕ್‌ಪೋಸ್ಟಿನಲ್ಲಿ ಗೇಟು ಇಳಿಸಿ ಎತ್ತಿದವರು. ಆಫೀಸರಲ್ಲ, ಗುಮಾಸ್ತರೂ ಅಲ್ಲ. ಒಂದು ತುದಿಗೆ ಕಲ್ಲು ಕಟ್ಟಿದ ಉದ್ದನೆಯ ಕಂಬ, ಇನ್ನೊಂದು ತುದಿಗೆ ಹಗ್ಗ, ಆ ಹಗ್ಗ ಇವರ ಕೈಯಲ್ಲಿ. ಲಾರಿ ಬಂತೆಂದರೆ ಹಗ್ಗ ಎಳೆದು ಕಂಬ ಇಳಿಸಬೇಕು, ಮೂರು ಪ್ರಶ್ನೆ ಕೇಳಬೇಕು, ಒಳಗಿನವರು ಕಾಗದ ನೋಡಿ ಕೈ ಬೀಸಿದ ಮೇಲೆ ಹಗ್ಗ ಸಡಿಲ ಬಿಟ್ಟು ಸೀಟಿ ಊದಬೇಕು. ಎಲ್ಲಿಂದ? ಏನು ಲೋಡು? ಎಲ್ಲಿಗೆ? ಈ ಮೂರು ಬಿಟ್ಟರೆ ನಾಲ್ಕನೆಯ ಪ್ರಶ್ನೆಯನ್ನು ಈ ಮನುಷ್ಯ ಯಾರಿಗೂ ಕೇಳಿದ್ದೇ ಇಲ್ಲ ಎಂದು ಅವರ ಹೆಂಡತಿ ಶ್ಯಾಮಲಮ್ಮ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ತವರಿನಿಂದ ಬುಟ್ಟಿ ಹೊತ್ತು ಬಂದು ಬಾಗಿಲಲ್ಲಿ ನಿಂತಾಗ ಆಕೆಗೂ ಅದೇ ಮೂರು ಪ್ರಶ್ನೆ ಬಿದ್ದಿದ್ದವಂತೆ.

ಕೆಲಸದಲ್ಲಿ ಮಾತ್ರ ಗಟ್ಟಿಗರು, ಅದನ್ನು ಒಪ್ಪಿಕೊಳ್ಳಲೇಬೇಕು. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಕಡೆಯಿಂದ ಲಾರಿಗಳು ಸಾಲುಗಟ್ಟಿ ಬರುತ್ತಿದ್ದಾಗ ಟಾರ್ಪಾಲಿನ ಹತ್ತಿರ ಮೂಗು ಒಯ್ದು, “ಮೇಲೆ ಬಾದಾಮಿ, ಕೆಳಗೆ ತೋತಾಪುರಿ” ಎಂದುಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಆದರೆ ಕೆಲಸ ಮೈಗೆ ಹತ್ತಿದರೆ ಬಿಡುವುದಿಲ್ಲ ನೋಡಿ. ಮಾಲೂರಿನಲ್ಲಿ ನೆಂಟರ ಮದುವೆಗೆ ಹೋದಾಗ ಯಾರೋ ಪುಣ್ಯಾತ್ಮರು ಇವರನ್ನು ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದರು. ಗಂಡಿನ ಕಡೆಯವರ ಬಸ್ಸು ಬಂದದ್ದೇ ತಡ, ಇವರ ಕೈ ತಾನಾಗಿಯೇ ಬಾಗಿಲಿಗೆ ಅಡ್ಡ ಹೋಯಿತು. “ಎಲ್ಲಿಂದ? ಏನು ಲೋಡು?” ಗಂಡಿನ ಸೋದರಮಾವ ಮುಖ ಕೆಂಪಗೆ ಮಾಡಿಕೊಂಡು ಬಸ್ಸು ಹತ್ತಿ ಕೂತುಬಿಟ್ಟ. ಅವನನ್ನು ಇಳಿಸುವಷ್ಟರಲ್ಲಿ ಮುಹೂರ್ತ ಮೀರುವುದರಲ್ಲಿತ್ತು.

ಇಂಥ ಮನುಷ್ಯನೂ ತಡೆಯದ ಗಾಡಿಗಳಿದ್ದವು. ಹೆಣದ ಗಾಡಿ, ಹೆರಿಗೆ ನೋವಿನ ಹೆಂಗಸು ಇರುವ ಗಾಡಿ, ಗಣೇಶನ ಗಾಡಿ. ಮೊದಲಿನ ಎರಡಕ್ಕೆ ಒಂದು ಸಲ ಒಳಗೆ ಇಣುಕಿಯಾದರೂ ನೋಡುತ್ತಿದ್ದರು. ಗಣೇಶನ ಗಾಡಿಗೆ ಅದೂ ಇಲ್ಲ. ಹಬ್ಬದ ದಿನಗಳಲ್ಲಿ ಟೆಂಪೋ ಮೇಲೆ ಗಣಪತಿ ಕೂತು ಬಂದರೆ ದೂರದಿಂದಲೇ ಗೇಟು ಎತ್ತಿ, ಸೀಟಿ ಊದಿ, ಕೆನ್ನೆ ಬಡಿದುಕೊಳ್ಳುತ್ತಿದ್ದರು. ಕುರುಡುಮಲೆ ಗಣಪನ ಒಕ್ಕಲು ತಾವು, ಅವನ ಗಾಡಿಗೆ ತಾವು ಅಡ್ಡ ಹಾಕುವುದುಂಟೇ ಎಂಬುದು ಅವರ ವಾದ. ಅದೇ ಗೇಟಿನಲ್ಲಿ ಇವರ ಜೊತೆ ಪಾಳಿ ಮಾಡುತ್ತಿದ್ದ ಗೌನಿಪಲ್ಲಿಯ ಚನ್ನರಾಯಪ್ಪ ಮಾತ್ರ ಆಗಾಗ ಕೆಣಕುತ್ತಿದ್ದ.

“ಏಮಯ್ಯಾ ಕೋದಂಡ, ಒಂದು ಸಲ ಗಣೇಶನ ಹೊಟ್ಟೆ ತಟ್ಟಿ ನೋಡು. ಸಾರಾಯಿ ಪ್ಯಾಕೆಟ್ಟು ಗಳಗಳ ಅಂತಾವಂತೆ.”

“ನಿನ್ನ ನಾಲಿಗೆ ಬಿದ್ದು ಹೋಗ!” ಎಂದು ಕೋದಂಡರಾಮಪ್ಪ ಬೈದರೂ, ಮುಂದಿನ ಗಣೇಶನ ಗಾಡಿ ಬಂದಾಗ ಕೆನ್ನೆಗೆ ಎರಡೇಟು ಹೆಚ್ಚಾಗಿ ಹಾಕಿಕೊಳ್ಳುತ್ತಿದ್ದರು.

ನಿವೃತ್ತಿಯಾಯಿತು. ಗೇಟಿಲ್ಲದ ಕೋದಂಡರಾಮಪ್ಪ ಏನು ಮಾಡಬೇಕು? ಜಗಲಿಯ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನು ವಿಚಾರಿಸುತ್ತಿದ್ದರು. ಹಾಲಿನವನನ್ನು ದಿನಾ ಬೆಳಗ್ಗೆ “ಎಲ್ಲಿಂದ?” ಎಂದು ಕೇಳಿ ಕೇಳಿ, ಅವನು ಕೊನೆಗೊಂದು ದಿನ “ಎಮ್ಮೆಯಿಂದ” ಎಂದು ಹೇಳಿ ಸೈಕಲ್ ಏರಿದ. ಆ ಮೇಲೆ ಹಾಲನ್ನು ಶ್ಯಾಮಲಮ್ಮನೇ ಹಾಕಿಸಿಕೊಳ್ಳತೊಡಗಿದರು.

ಅವರ ಒಬ್ಬಳೇ ಮಗಳು ಮುನಿಲಕ್ಷ್ಮಿ. ನರ್ಸಿಂಗ್ ಓದಿದವಳು, ಆದರೆ ಮಾಡುತ್ತಿದ್ದದ್ದು ಕಿವಿಯ ಕೆಲಸ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡಬೇಕು. ಆಫೀಸು ಬೆಂಗಳೂರಿನಲ್ಲಿ. ಎರಡು ವರ್ಷ ಅವಳು ಕತ್ತಲಿದ್ದಾಗಲೇ ಮೊದಲ ಬಸ್ಸು ಹಿಡಿದು ಹೋಗಿ, ಊರು ಉಂಡು ಮುಗಿಸಿದ ಮೇಲೆ ಮನೆಗೆ ಬರುತ್ತಿದ್ದಳು. ಒಂದು ದಿನ ಮುದ್ದೆ ಮುರಿದು ಸಾರಿಗೆ ಅದ್ದಿದವಳು ಹಾಗೇ ತಟ್ಟೆಯಲ್ಲಿ ಕೈಯಿಟ್ಟುಕೊಂಡು ನಿದ್ದೆ ಹೋದಳು. ಕೋದಂಡರಾಮಪ್ಪ ಅವಳ ಕೈ ತೊಳೆಸಿ ಮಲಗಿಸಿ, ಹಿತ್ತಲಿಗೆ ಹೋಗಿ ಒಬ್ಬರೇ ಅತ್ತರು. ಆ ಬಸ್ಸನ್ನು ಕಂಡರೆ ಅವರಿಗೆ ಅಷ್ಟು ಸಿಟ್ಟು. ಅದಕ್ಕೇ, ಎರಡು ಸಾವಿರದ ಏಳರಲ್ಲಿ ಊರಿಗೆ ಬ್ರಾಡ್‌ಬ್ಯಾಂಡ್ ಬಂದು, ಮನೆಯಿಂದಲೇ ಕೆಲಸ ಮಾಡಬಹುದೆಂದು ಆಫೀಸಿನವರು ಒಪ್ಪಿದಾಗ ಕುರುಡುಮಲೆಗೆ ನಡೆದುಕೊಂಡು ಹೋಗಿ ಕಾಯಿ ಒಡೆದು ಬಂದರು. ಮಗಳು ಬೆಳಗ್ಗೆ ಬಿಸಿಲು ಕಾಯುತ್ತಾ ಉಪ್ಪಿಟ್ಟು ತಿನ್ನುವುದನ್ನು ನೋಡುವುದೇ ಅವರಿಗೆ ಹಬ್ಬವಾಯಿತು. ಆಫೀಸಿನವರದು ಒಂದೇ ಕರಾರು: ದಿನಾ ಮಧ್ಯಾಹ್ನ ಹನ್ನೆರಡರೊಳಗೆ ಟೈಪ್ ಮಾಡಿದ್ದು ತಲುಪಬೇಕು.

ಹೀಗೆ ಎಲ್ಲ ಸುಸೂತ್ರವಾಗಿದ್ದಾಗ ಕೋದಂಡರಾಮಪ್ಪನವರ ಕಣ್ಣು ಮೋಡೆಮ್ಮಿನ ಮೇಲೆ ಬಿತ್ತು. ಕಂಪ್ಯೂಟರಿನ ಪಕ್ಕದಲ್ಲಿ ಕೂತಿದ್ದ ಪುಟ್ಟ ಡಬ್ಬಿ ಅದು. ಟೆಲಿಫೋನಿನ ತಂತಿ ಅದಕ್ಕೆ ಬಂದು, ಅಲ್ಲಿಂದ ಕಂಪ್ಯೂಟರಿಗೆ ಹೋಗುತ್ತಿತ್ತು. ಅದರಲ್ಲೊಂದು ಹಸಿರು ದೀಪ.

“ಮುನಿ, ನೀನು ಕಂಪ್ಯೂಟರ್ ಮುಟ್ಟಿಲ್ಲ. ನಾನೂ ಮುಟ್ಟಿಲ್ಲ. ನಿಮ್ಮಮ್ಮ ಅದರ ಮೇಲೆ ಟವೆಲ್ ಹೊದಿಸಿದಾಳೆ. ಆದ್ರೂ ಆ ದೀಪ ಯಾಕೆ ಹಂಗೆ ಮಿಣಕ್ತಿದೆ?”

“ಏನೋ ಹೋಗ್ತಿರುತ್ತೆ, ಏನೋ ಬರ್ತಿರುತ್ತೆ ಅಪ್ಪಾ.”

ಈ ಮಾತನ್ನು ಅವಳು ಲೋಕದಲ್ಲಿ ಬೇರೆ ಯಾರಿಗೆ ಬೇಕಾದರೂ ಹೇಳಬಹುದಿತ್ತು. ಏನೋ ಹೋಗುತ್ತಿದೆ, ಏನೋ ಬರುತ್ತಿದೆ, ಅದೂ ತಮ್ಮ ಮನೆಯೊಳಗೆ, ಗೇಟಿಲ್ಲ! ಕೋದಂಡರಾಮಪ್ಪನವರಿಗೆ ಊಟ ರುಚಿಸಲಿಲ್ಲ. ಅವರ ಕಾಟ ತಡೆಯಲಾರದೆ ಮುನಿಲಕ್ಷ್ಮಿ ಒಂದು ದಿನ ಕಂಪ್ಯೂಟರಿನಲ್ಲಿ ಕಪ್ಪು ಪರದೆಯೊಂದನ್ನು ತೆರೆದು, ಒಂದು ಪದ ಟೈಪ್ ಮಾಡಿ ತೋರಿಸಿದಳು. ಆ ಕ್ಷಣದಲ್ಲಿ ಕಂಪ್ಯೂಟರು ಹೊರಗಿನ ಯಾರ್ಯಾರ ಜೊತೆ ತಂತಿಯಲ್ಲಿ ಮಾತಾಡುತ್ತಿದೆ ಎಂಬುದು ಸಾಲುಸಾಲಾಗಿ ಬಂತು.

“ಇದೇನಮ್ಮ ನಂಬರ್ ಪ್ಲೇಟು? ಕೆಎ ಇಲ್ಲ, ಎಪಿ ಇಲ್ಲ. ಬರೀ ಅಂಕಿ, ಮಧ್ಯೆ ಮಧ್ಯೆ ಚುಕ್ಕೆ!”

“ಒಂದೊಂದೂ ಒಂದೊಂದು ಊರಿನ ಕಂಪ್ಯೂಟರ್ ಅಪ್ಪಾ. ಒಂದು ಅಮೆರಿಕದ್ದಿರಬಹುದು, ಇನ್ನೊಂದು ಸಿಂಗಪುರದ್ದು.”

“ಅವಕ್ಕೆ ಮುಳಬಾಗಲಲ್ಲೇನು ಕೆಲಸ?”

ಮುನಿಲಕ್ಷ್ಮಿಗೆ ಟೈಪ್ ಮಾಡಲು ರಾಶಿ ಕೆಲಸ ಬಿದ್ದಿತ್ತು. ನಕ್ಕು ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಅಪ್ಪ ಆ ಪದವನ್ನು ಬಾಯಿಪಾಠ ಮಾಡಿಕೊಂಡರು.

ಕೆಲವೇ ದಿನಗಳಲ್ಲಿ ಅವರು ಆ ಕಪ್ಪು ಪರದೆಯನ್ನು ಹೆದ್ದಾರಿಯ ಹಾಗೆ ಓದತೊಡಗಿದರು. ನೂರಿಪ್ಪತ್ತೇಳರಿಂದ ಶುರುವಾಗುವ ನಂಬರು ಕಂಪ್ಯೂಟರು ತನ್ನೊಂದಿಗೆ ತಾನೇ ಮಾತಾಡಿಕೊಳ್ಳುವುದು. ಅದು ನಮ್ಮ ಹೊಲದಿಂದ ನಮ್ಮ ಹೊಲಕ್ಕೇ ಹೋಗುವ ಟ್ರ್ಯಾಕ್ಟರು, ಬಿಡು. ಸಾಲಿನ ಕೊನೆಗೆ ‘ಕೇಳಿಸಿಕೊಳ್ಳುತ್ತಿದೆ’ ಎಂದಿದ್ದರೆ ಅದು ಚೆಕ್‌ಪೋಸ್ಟಿನ ಹೋಟೆಲಲ್ಲಿ ಕಿವಿ ನಿಮಿರಿಸಿಕೊಂಡು ಕೂರುವ ದಲ್ಲಾಳಿ. ‘ಕಾಯುತ್ತಿದೆ’ ಎಂದಿದ್ದರೆ ಕಾಗದ ಮುಗಿದರೂ ಟೀ ಕುಡಿಯುತ್ತಾ ನಿಂತ ಡ್ರೈವರು. ಇನ್ನು ‘ಸಂಪರ್ಕದಲ್ಲಿದೆ’ ಎಂದು ಯಾವುದಕ್ಕಿತ್ತೋ ಅದೇ ಓಡುತ್ತಿರುವ ಗಾಡಿ. ತಡೆದು ಕೇಳಬೇಕಾದದ್ದು ಅದನ್ನೇ.

ಸುದ್ದಿ ಕೇಳಿ ಚನ್ನರಾಯಪ್ಪ ಗೌನಿಪಲ್ಲಿಯಿಂದ ಬಸ್ಸು ಹಿಡಿದು ಬಂದ. ಅವನೂ ರಿಟೈರಾಗಿ ಮಾವಿನ ತೋಟದಲ್ಲಿ ಕೋತಿ ಓಡಿಸಿಕೊಂಡಿದ್ದ. ಪರದೆಯನ್ನು ನೋಡಿದವನೇ ಕಣ್ಣು ಒರೆಸಿಕೊಂಡ.

“ಅಯ್ಯೋ ದೇವುಡಾ! ಇಷ್ಟು ಗಾಡಿನಾ? ಮಳ್ಳೀ, ಇನ್ನೊಂದ್ಸಲ ಡ್ಯೂಟಿ ಮಾಡೋಣ ಕಣಯ್ಯಾ.”

ಡ್ಯೂಟಿ ಶುರುವಾಯಿತು. ಮುನಿಲಕ್ಷ್ಮಿ ಬೆಳಗಿನ ಜಾವದಿಂದ ಟೈಪ್ ಮಾಡಿ, ಹನ್ನೊಂದರ ಸುಮಾರಿಗೆ ಫೈಲು ಕಳಿಸಲು ಹಚ್ಚಿ ಸ್ನಾನಕ್ಕೆ ಏಳುತ್ತಿದ್ದಳು. ಫೈಲು ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿರುತ್ತಿತ್ತು. ಅವಳು ಎದ್ದ ಕುರ್ಚಿ ಆರುವ ಮೊದಲೇ ಅಪ್ಪ ಅಲ್ಲಿ ಕೂತು, ಆ ಚೌಕದ ಮೇಲೆ ತಮ್ಮ ಕಪ್ಪು ಪರದೆ ಎಳೆದುಕೊಳ್ಳುತ್ತಿದ್ದರು. ಮೂರು ಗಂಟೆಗೆ ಚನ್ನರಾಯಪ್ಪನ ಪಾಳಿ. ಪಾಳಿ ಬದಲಾಗುವಾಗ ಇಬ್ಬರೂ ಎದ್ದು ನಿಂತು ಸಲಾಮು ಹೊಡೆದು, ಸೀಟಿಯನ್ನು ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹಾಕುತ್ತಿದ್ದರು. ಸೀಟಿ ಊದದೆ ಗಾಡಿ ಬಿಡುವುದು ಇಬ್ಬರಿಗೂ ಬರುತ್ತಿರಲಿಲ್ಲ.

“ಮನೆಯೊಳಗೆ ಸೀಟಿ ಊದಬೇಡಿ ರೀ,” ಎಂದು ಶ್ಯಾಮಲಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು. “ಕುಕ್ಕರ್ ಅಂದ್ಕೊಂಡು ಒಲೆ ಆರಿಸ್ತಾ ಇದೀನಿ. ಮೂರು ದಿನದಿಂದ ಬೇಳೆ ಬೆಂದಿಲ್ಲ.”

ಚನ್ನರಾಯಪ್ಪ ಬರಿಗೈಯಲ್ಲಿ ಬಂದಿರಲಿಲ್ಲ. ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ರಸ್ತೆ ಬದಿ ಹರಡಿಕೊಂಡು ಮಾರುತ್ತಿದ್ದ ಸೀಡಿಯೊಂದನ್ನು ತಂದಿದ್ದ. ಅದನ್ನು ಹಾಕಿದರೆ ಪರದೆಯ ಬಲಮೂಲೆಯಲ್ಲಿ ಗಣೇಶ ಬಂದು ಕೂರುತ್ತಿದ್ದ. ಕಿವಿ ಆಡಿಸುತ್ತಿದ್ದ. ಗಂಟೆಗೊಂದು ಸಲ ಟಣಟಣ ಸದ್ದಾಗಿ, ಮಂಗಳಾರತಿ ತಟ್ಟೆ ತಾನೇ ಸುತ್ತು ಬರುತ್ತಿತ್ತು. ಸೀಡಿ ಹಾಕಿದಾಗ ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಈ ಕಾರ್ಯಕ್ರಮ ಹೊರಗೆ ಹೋಗಿ ಬರಲು ಅಪ್ಪಣೆ ಬೇಡುತ್ತಿದೆ, ಬಿಡಲೋ ತಡೆಯಲೋ ಎಂದೂ ಒಂದು ಸಲ ಕೇಳಿತು. ಹಾಲಿನವನನ್ನೂ ಬಿಡದ ಕೋದಂಡರಾಮಪ್ಪ ಕೈ ಮುಗಿದು, ಕಣ್ಣು ಮುಚ್ಚಿ, ‘ಬಿಡು’ ಎಂಬುದನ್ನೇ ಒತ್ತಿದರು.

“ದೇವರು ಮನೆಗೆ ಬರ್ತೀನಿ ಅಂದ್ರೆ ಎಲ್ಲಿಂದ ಏನು ಲೋಡು ಅಂತ ಕೇಳ್ತಾರೇನಯ್ಯಾ?”

ಮರುದಿನದಿಂದ ಕಪ್ಪು ಪರದೆಯಲ್ಲಿ ಗುರುತಿಲ್ಲದ ನಂಬರುಗಳು ತುಂಬಿಕೊಂಡವು. ಮೊದಲು ನಾಲ್ಕೈದು ಸಾಲು ಇದ್ದದ್ದು ಈಗ ಪರದೆ ಸಾಲದೆ ಮೇಲಕ್ಕೆ ಓಡುತ್ತಿತ್ತು. ಹಸಿರು ದೀಪಕ್ಕೆ ಉಸಿರಾಡಲು ಪುರುಸೊತ್ತಿಲ್ಲ. ಇಬ್ಬರು ಗೇಟಿನವರೂ ಮೂಲೆಯ ಗಣೇಶನಿಗೆ ಕೈ ಮುಗಿದು, ಸಕಾಲಕ್ಕೆ ಬಂದೆಯಪ್ಪಾ, ನೀನಿಲ್ಲದಿದ್ದರೆ ಇಷ್ಟು ಕಳ್ಳ ಗಾಡಿಗಳ ನಡುವೆ ನಮ್ಮ ಗತಿ ಏನಾಗುತ್ತಿತ್ತು ಎಂದರು. ಇಷ್ಟೆಲ್ಲ ಬುದ್ಧಿಯಿದ್ದವರಿಗೆ ಅಷ್ಟು ಹೊಳೆಯಲಿಲ್ಲವೇ ಎಂದರೆ, ಇಲ್ಲ, ಹೊಳೆಯಲಿಲ್ಲ.

ಈಗ ಗಾಡಿ ತಡೆಯಲು ಒಂದು ಗೇಟು ಬೇಕಾಯಿತು. ಚನ್ನರಾಯಪ್ಪ ಮೋಡೆಮ್ಮಿಗೆ ಬರುವ ಟೆಲಿಫೋನ್ ತಂತಿಯ ತುದಿಗೆ ಸೆಣಬಿನ ಹಗ್ಗ ಕಟ್ಟಿ, ಅದನ್ನು ಕಿಟಕಿಯ ಸರಳಿನ ಮೇಲೆ ಹಾಯಿಸಿ ಕುರ್ಚಿಯವರೆಗೆ ತಂದ. ಎಳೆದರೆ ತಂತಿ ಕಳಚಿಕೊಳ್ಳುತ್ತಿತ್ತು, ಗಾಡಿಗಳೆಲ್ಲ ನಿಂತಲ್ಲೇ ನಿಲ್ಲುತ್ತಿದ್ದವು. ಇದೇನೆಂದು ಮಗಳು ಕೇಳಿದಾಗ, “ಸಿಡಿಲು ಬಂದ್ರೆ ಬೇಗ ಕೀಳೋಕೆ ಕಣಮ್ಮಾ” ಎಂದ. ಸಿಡಿಲಿಗೆ ಮೋಡೆಮ್ ಸುಟ್ಟುಹೋಗುವುದು ಊರಲ್ಲಿ ಮಾಮೂಲಾಗಿತ್ತು. ಅವಳು ನಂಬಿದಳು.

ಎಲ್ಲಕ್ಕಿಂತ ಹೆಚ್ಚಾಗಿ ಕೋದಂಡರಾಮಪ್ಪನವರ ಹೊಟ್ಟೆ ಉರಿಸಿದ್ದು ಇನ್ನೂರಮೂರರಿಂದ ಶುರುವಾಗುವ ಒಂದು ನಂಬರು. ಬೇರೆಯವು ಹಗಲೆಲ್ಲ ಅಡ್ಡಾಡುತ್ತಿದ್ದವು. ಇದು ಮಾತ್ರ ಕಳ್ಳನ ಹಾಗೆ ದಿನಕ್ಕೊಂದೇ ಸಲ, ಮಗಳು ಕುರ್ಚಿಯಿಂದ ಎದ್ದ ಹೊತ್ತು ನೋಡಿಕೊಂಡು ಬರುತ್ತಿತ್ತು. ಅದರ ರೀತಿಯೇ ಅವರಿಗೆ ಅನುಮಾನ ಹುಟ್ಟಿಸಿತು. ಎರಡು ಸಲ ಹಗ್ಗ ಎಳೆದು ಅದನ್ನು ನಿಲ್ಲಿಸಿದರು. ಗೇಟಿನ ವಿಷಯ ಮನೆಯಲ್ಲಿ ಆಡಬಾರದು ಎಂಬುದು ಅವರ ಹಳೆಯ ಶಿಸ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಂತಿ ಮತ್ತೆ ಸಿಕ್ಕಿಸಿ, ಎದೆಯುಬ್ಬಿಸಿಕೊಂಡು ಊಟಕ್ಕೆ ಕೂತರು.

ಆ ಎರಡು ದಿನವೂ ಮುನಿಲಕ್ಷ್ಮಿಯ ಫೈಲು ತಲುಪಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನವರು ಬಂದು ನೋಡಿ, ಲೈನು ಚೆನ್ನಾಗಿಯೇ ಇದೆ ಎಂದು ಹೋದರು. ಲೈನು ಚೆನ್ನಾಗಿದ್ದರೂ ಇತ್ತೀಚೆಗೆ ಫೈಲು ಹೋಗಲು ಮೊದಲಿನ ಮೂರರಷ್ಟು ಹೊತ್ತು ಹಿಡಿಯುತ್ತಿತ್ತು. ಗುರುವಾರ ಸಂಜೆ ಬೆಂಗಳೂರಿನಿಂದ ಆಫೀಸಿನ ಮೇಡಂ ಫೋನ್ ಮಾಡಿ, ಇನ್ನೊಂದು ಸಲ ತಪ್ಪಿದರೆ ಸೋಮವಾರದಿಂದ ಆಫೀಸಿಗೇ ಬನ್ನಿ, ಮನೆಯಿಂದ ಮಾಡುವ ಕೆಲಸ ಸಾಕು ಎಂದರು. ಮುನಿಲಕ್ಷ್ಮಿ ಫೋನ್ ಇಟ್ಟು ಅಪ್ಪ ಅಮ್ಮನಿಗೆ ಅದನ್ನೇ ಹೇಳಿದಳು. ಶ್ಯಾಮಲಮ್ಮ ಅಟ್ಟದ ಮೇಲಿಂದ ಹಳೆಯ ಟಿಫನ್ ಕ್ಯಾರಿಯರ್ ಇಳಿಸಿ, ಹುಣಸೆಹಣ್ಣು ಹಚ್ಚಿ ತೊಳೆಯಲು ಶುರುಮಾಡಿದರು. ಆ ಕ್ಯಾರಿಯರಿನ ಸದ್ದು ಕೇಳಿದ್ದೇ ಕೋದಂಡರಾಮಪ್ಪನವರಿಗೆ ಎಲ್ಲ ಕಣ್ಣಮುಂದೆ ಬಂತು. ಮತ್ತೆ ಆ ಕತ್ತಲು, ಆ ಬಸ್ಸು, ತಟ್ಟೆಯಲ್ಲಿ ನಿದ್ದೆ ಹೋದ ಆ ಕೈ. ತನ್ನ ಮಗಳ ದಾರಿಗೆ ಅಡ್ಡ ನಿಂತವನು ಯಾರೇ ಆಗಿರಲಿ, ನಾಳೆ ಅವನನ್ನು ಹಿಡಿದೇ ಹಿಡಿಯುತ್ತೇನೆ ಎಂದು ಆಣೆ ಮಾಡಿದರು.

ಶುಕ್ರವಾರ ಇಬ್ಬರು ಗೇಟಿನವರೂ ಒಂದೇ ಪಾಳಿಗೆ ಹಾಜರಾದರು. ಚನ್ನರಾಯಪ್ಪ ಕೊರಳಿಗೆ ಸೀಟಿ ಹಾಕಿಕೊಂಡು ಬಾಗಿಲಲ್ಲಿ, ಕೋದಂಡರಾಮಪ್ಪ ಕೈಗೆ ಹಗ್ಗ ಸುತ್ತಿಕೊಂಡು ಮಗಳ ಬೆನ್ನ ಹಿಂದೆ ಸ್ಟೂಲಿನ ಮೇಲೆ. ಆವತ್ತು ಮುನಿಲಕ್ಷ್ಮಿ ಸ್ನಾನಕ್ಕೆ ಏಳಲಿಲ್ಲ. ಹನ್ನೊಂದಕ್ಕೆ ಫೈಲು ಕಳಿಸಲು ಒತ್ತಿ, ಪರದೆಯನ್ನೇ ನೋಡುತ್ತಾ ಕೂತಳು. ಅಪ್ಪನ ಕಾಟಕ್ಕೆ ಪಕ್ಕದಲ್ಲೇ ಕಪ್ಪು ಪರದೆಯನ್ನೂ ತೆರೆದಿಟ್ಟಿದ್ದಳು.

“ಬಂತು! ಇನ್ನೂರಮೂರು ಬಂತು!” ಎಂದು ಕೋದಂಡರಾಮಪ್ಪ ಕೂಗಿ ಹಗ್ಗ ಜಗ್ಗಿದರು. ತಂತಿ ಕಿತ್ತು ಬಂದು ಚನ್ನರಾಯಪ್ಪನ ಮೂಗಿಗೆ ಬಡಿಯಿತು. ಅವನು ಗಾಬರಿಯಲ್ಲಿ ಸೀಟಿ ಊದಿದ. ಅಡುಗೆಮನೆಯಲ್ಲಿ ಒಲೆ ಆರಿತು. ಪರದೆಯ ಮೇಲೆ ಫೈಲು ಹೋಗಲಿಲ್ಲ ಎಂಬ ಕೆಂಪಕ್ಷರ ಬಂತು.

ಮುನಿಲಕ್ಷ್ಮಿ ತಿರುಗಿ ಹಗ್ಗ ನೋಡಿದಳು, ಅಪ್ಪನನ್ನು ನೋಡಿದಳು.

“ಅಪ್ಪಾ, ಈ ಹಗ್ಗ ಸಿಡಿಲಿಗಲ್ವಾ?”

“ಕಳ್ಳ ಸಿಕ್ಕಿದ ಕಣಮ್ಮಾ! ಮೂರನೇ ಸಲ ಹಿಡಿದಿದೀನಿ ಇವನ್ನ. ದಿನಾ ನೀನು ಎದ್ದ ತಕ್ಷಣ ಬರ್ತಾನೆ.”

“ಮೂರನೇ ಸಲಾನಾ?” ಅವಳು ಪರದೆಯ ಕಡೆ ಬೆರಳು ತೋರಿಸಿದಳು. “ಅಪ್ಪಾ, ಇನ್ನೂರಮೂರು ನಮ್ಮ ಆಫೀಸು. ಅದು ನನ್ನ ಫೈಲು. ನೀನು ಹಿಡಿದಿದ್ದು ನನ್ನನ್ನೇ.”

ಮೂವತ್ತೊಂದು ವರ್ಷದಲ್ಲಿ ಇಂಥ ಮಾತನ್ನು ಯಾವ ಡ್ರೈವರೂ ಅವರಿಗೆ ಹೇಳಿರಲಿಲ್ಲ. ಅವರ ಕೈಯಿಂದ ಹಗ್ಗ ತಾನಾಗಿ ಜಾರಿತು. ಮುನಿಲಕ್ಷ್ಮಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕಣ್ಣೊರೆಸಿಕೊಂಡು ತಂತಿ ಸಿಕ್ಕಿಸಿ ಮತ್ತೆ ಕಳಿಸಲು ಹಚ್ಚಿದಳು. ಆದರೆ ಫೈಲು ತೆವಳುತ್ತಿತ್ತು. ಆ ವೇಗದಲ್ಲಿ ಹೋದರೆ ಹನ್ನೆರಡು ದಾಟಿಹೋಗುತ್ತಿತ್ತು. ಕಪ್ಪು ಪರದೆಯ ತುಂಬ ಬೇರೆ ನಂಬರುಗಳು ನುಗ್ಗುತ್ತಿದ್ದವು.

“ಇವೆಲ್ಲ ಯಾವುವು?” ಎಂದಳು, ಮೊದಲ ಸಲ ಸರಿಯಾಗಿ ನೋಡಿ. “ಇಷ್ಟೊಂದು ಯಾಕಿವೆ?”

“ಎಲ್ಲಿಂದ ಎಲ್ಲಿಗೆ ಅಂತ ಕೇಳಿ ಕೇಳಿ ಸಾಕಾಗಿದೆ ತಾಯಿ,” ಎಂದ ಚನ್ನರಾಯಪ್ಪ ಮೂಗು ಹಿಡಿದುಕೊಂಡು. “ಒಂದೂ ಬಾಯಿ ಬಿಡಲ್ಲ.”

“ಎಲ್ಲಿಗೆ ಅಂತ ಕೇಳಿ ಏನು ಮಾಡ್ತೀರ ಮಾವಾ? ಲೋಡ್ ಮಾಡಿದ್ದು ಯಾರು ಅಂತ ಕೇಳಿ.”

ಅವಳು ಅದೇ ಪದದ ಕೊನೆಗೆ ಇನ್ನೊಂದು ಅಕ್ಷರ ಸೇರಿಸಿ ಒತ್ತಿದಳು. ಈಗ ಪ್ರತಿ ಸಾಲಿನ ಕೆಳಗೂ, ಕಂಪ್ಯೂಟರಿನೊಳಗಿನ ಯಾವ ಕಾರ್ಯಕ್ರಮ ಆ ಗಾಡಿಯನ್ನು ಹೊರಡಿಸಿತ್ತೋ ಅದರ ಹೆಸರು ಬರತೊಡಗಿತು. ಇನ್ನೂರಮೂರರ ಕೆಳಗೆ ಅವಳ ಆಫೀಸಿನ ಕಾರ್ಯಕ್ರಮ. ಉಳಿದವುಗಳ ಕೆಳಗೆ ಒಂದೇ ಹೆಸರು. ಮೇಲಿಂದ ಕೆಳಗಿನವರೆಗೆ ಗಣೇಶ, ಗಣೇಶ, ಗಣೇಶ. ಮೂಲೆಯಲ್ಲಿ ಗಣೇಶ ಕಿವಿ ಆಡಿಸುತ್ತಾ ಕೂತಿದ್ದ. ಕೋಲಾರದ ಬಸ್ ಸ್ಟ್ಯಾಂಡಿನ ಸೀಡಿ, ಆರತಿ ಬೆಳಗುತ್ತಲೇ ಮನೆಯಿಂದ ಏನನ್ನೋ ಹೊತ್ತು ಜಗತ್ತಿಗೆಲ್ಲ ಹಂಚುತ್ತಿತ್ತು.

ಚನ್ನರಾಯಪ್ಪ ಮೆಲ್ಲಗೆ, “ನಾನು ಆವತ್ತೇ ಅಂದಿದ್ದೆ. ಹೊಟ್ಟೆ ತಟ್ಟಿ ನೋಡು ಅಂತ,” ಎಂದ. ಸೀಡಿ ತಂದವನು ತಾನೇ ಎಂಬುದು ನೆನಪಾಗಿ ಚಪ್ಪಲಿ ಹುಡುಕತೊಡಗಿದ.

“ಅಪ್ಪಾ, ಇದನ್ನ ತೆಗೆದು ಹಾಕಬೇಕು. ಈಗಲೇ.”

“ಗಣೇಶನ್ನಾ?” ಕೋದಂಡರಾಮಪ್ಪ ಎದ್ದು ನಿಂತರು. “ನನ್ನ ಕೈಯಿಂದಾನಾ? ನಾನು ಹುಟ್ಟಿದಾಗಿಂದ ಅವನ ಗಾಡಿಗೆ ಗೇಟು ಹಾಕಿಲ್ಲ. ಅದೂ ರಾಹುಕಾಲದಲ್ಲಿ! ಹನ್ನೆರಡರವರೆಗೆ ಇದೆ.”

“ಹನ್ನೆರಡು ದಾಟಿದ್ರೆ ಸೋಮವಾರದಿಂದ ಮತ್ತೆ ಆ ಬಸ್ಸೇ ನನಗೆ.”

ಆಗ ಅಡುಗೆಮನೆಯಿಂದ ಶ್ಯಾಮಲಮ್ಮ ಬಂದರು. ವಿಷಯ ಕೇಳಿಸಿಕೊಂಡರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗಂಡನಿಗೆ ಹೇಳಿದರು: “ಗೇಟು ಹಾಕಿ ಅಂತ ಯಾರು ಅಂದ್ರು? ವರ್ಷಾ ವರ್ಷಾ ಗಣೇಶನ್ನ ಕೂರಿಸ್ತೀವಿ, ಆಮೇಲೆ ಕಳಿಸ್ತೀವಿ. ಕಳಿಸೋದು ಪಾಪ ಅಲ್ಲ. ಇಟ್ಕೊಂಡಿದ್ದೇ ತಪ್ಪು. ರಾಹುಕಾಲದಲ್ಲಿ ಶುರು ಮಾಡಬಾರದು ಅಷ್ಟೆ, ಮುಗಿಸಬಹುದು. ಏಳಿ, ಕೈಕಾಲು ತೊಳ್ಕೊಂಡು ಬನ್ನಿ.”

ಹೀಗೆ ಮುಳಬಾಗಿಲಿನ ಆ ಮನೆಯಲ್ಲಿ, ಹಬ್ಬವಿಲ್ಲದ ಒಂದು ಶುಕ್ರವಾರ, ಕಂಪ್ಯೂಟರಿನ ಮುಂದೆ ಗಣೇಶನ ವಿಸರ್ಜನೆ ನಡೆಯಿತು. ಮಾನಿಟರಿಗೆ ಅರಿಶಿನ ಕುಂಕುಮ ಇಟ್ಟರು. ಕರ್ಪೂರ ಹಚ್ಚಿದರು. ದಾರಿಗೆಂದು ಮೊಸರನ್ನ ಬಾಳೆಲೆಯಲ್ಲಿ ಕಟ್ಟಿ ಕೀಬೋರ್ಡಿನ ಪಕ್ಕ ಇಟ್ಟರು. ಚನ್ನರಾಯಪ್ಪ ಪ್ರಾಯಶ್ಚಿತ್ತವೆಂಬಂತೆ ಗಂಟೆ ಅಲ್ಲಾಡಿಸಿದ. ಮುನಿಲಕ್ಷ್ಮಿ ಗಡಿಯಾರ ನೋಡುತ್ತಾ, ಅಳಬೇಕೋ ನಗಬೇಕೋ ತಿಳಿಯದೆ, ತೆಗೆದುಹಾಕುವ ಗುಂಡಿಯವರೆಗೆ ಮೌಸು ತಂದು ಅಪ್ಪನ ಕೈಗೆ ಕೊಟ್ಟಳು.

ಒತ್ತಿದರು. ಗಣೇಶ ಸುಮ್ಮನೆ ಹೋಗಲಿಲ್ಲ. ನಿಜವಾಗಿಯೂ ತೆಗೆಯಬೇಕೇ ಎಂದು ಕೇಳಿದ. ಹೌದು ಎಂದರು. ಯಾಕೆ ತೆಗೆಯುತ್ತಿದ್ದೀರಿ ಎಂದು ಕೇಳಿದ. ಇನ್ನೊಮ್ಮೆ ಯೋಚಿಸಿ ಎಂದ. ಜೀವನವಿಡೀ ಪ್ರಶ್ನೆ ಕೇಳಿದ ಮನುಷ್ಯ ಈಗ ಗೇಟಿನ ಆ ಕಡೆ ನಿಂತು, ಬೆವರುತ್ತಾ, ಒಂದೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ, “ಮಗಳು ಕಾಯ್ತಿದಾಳೆ, ದಾರಿ ಬಿಡಪ್ಪಾ” ಎಂದು ಬಾಯಿಬಿಟ್ಟು ಹೇಳಿ ಒತ್ತಿದರು. ಕಿವಿ ಆಡುವುದು ನಿಂತಿತು. ಮೂಲೆ ಖಾಲಿಯಾಯಿತು.

ಕಪ್ಪು ಪರದೆಯಲ್ಲಿ ಸಾಲುಗಳು ಒಂದೊಂದಾಗಿ ಕರಗಿದವು. ಫೈಲು ಈಗ ಸರಸರನೆ ಹೋಗುತ್ತಿತ್ತು. ಉಳಿದದ್ದು ಇನ್ನೂರಮೂರು ಒಂದೇ. ಅದನ್ನು ಕಂಡ ಕೂಡಲೆ ಕೋದಂಡರಾಮಪ್ಪನವರ ಕೈ ಅಭ್ಯಾಸಬಲದಿಂದ ಹಗ್ಗದ ಕಡೆ ಹೋಯಿತು. ಮುನಿಲಕ್ಷ್ಮಿ ತಂತಿಯನ್ನು ಒತ್ತಿ ಹಿಡಿದಳು. ಅವರು ಹಗ್ಗದ ಗಂಟು ಬಿಚ್ಚಿ, ಸುರುಳಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡರು. ಚನ್ನರಾಯಪ್ಪನ ಕೊರಳಿಂದ ಸೀಟಿ ತೆಗೆದುಕೊಂಡು ಕಾದರು. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗ ಫೈಲು ತಲುಪಿತು ಎಂಬ ಅಕ್ಷರ ಬಂತು.

ಸೀಟಿ ಊದಲು ಹೋದರು, ಆಗಲಿಲ್ಲ.

“ಅಷ್ಟು ವರ್ಷ ಅಷ್ಟು ಗಾಡಿ ನಿಲ್ಲಿಸಿದೀನಲ್ಲ ಮುನಿ,” ಎಂದರು. “ಲೋಡ್ ಮಾಡಿದೋರು ಯಾರು ಅಂತ ಒಂದು ದಿನ ಕೇಳಲಿಲ್ಲ ಕಣಮ್ಮಾ. ಯಾರ ಮನೆ ಮಕ್ಕಳು ಬೆಳಗ್ಗೆಯಿಂದ ಕೂತು ತುಂಬಿದ್ರೋ.”

“ಅಪ್ಪಾ, ಹಸಿವಾಗ್ತಿದೆ,” ಎಂದಳು ಮುನಿಲಕ್ಷ್ಮಿ. ಗಣೇಶನಿಗೆ ಕಟ್ಟಿದ ಮೊಸರನ್ನವನ್ನೇ ಬಿಚ್ಚಿ ಅಲ್ಲೇ ತಿಂದಳು. ಕೋದಂಡರಾಮಪ್ಪ ಎದುರಿಗೆ ಕೂತು ಅವಳ ಕೈಯನ್ನೇ ನೋಡುತ್ತಿದ್ದರು.

ಟಿಫನ್ ಕ್ಯಾರಿಯರ್ ಮತ್ತೆ ಅಟ್ಟ ಸೇರಿತು. ಸೆಣಬಿನ ಹಗ್ಗದ ಮೇಲೆ ಶ್ಯಾಮಲಮ್ಮ ಬಟ್ಟೆ ಒಣಗಿಸುತ್ತಾರೆ. ಹಾಲಿನವನು ಮತ್ತೆ ಕೋದಂಡರಾಮಪ್ಪನವರಿಗೇ ಹಾಲು ಹಾಕುತ್ತಾನೆ; ಈಗ ಅವರು ಅವನನ್ನು ಕೇಳುವುದು ಎಮ್ಮೆ ಕರೆದವರು ಯಾರು ಎಂದು, ಅವನು ತನ್ನ ಹೆಂಡತಿಯ ಹೆಸರು ಹೇಳುತ್ತಾನೆ. ದಿನಾ ಮಧ್ಯಾಹ್ನ ಮಗಳ ಫೈಲು ತಲುಪಿದ ಮೇಲೆ ಅವರು ಕಂಪ್ಯೂಟರಿನ ಮುಂದೆ ನೆಟ್ಟಗೆ ನಿಂತು ಒಂದು ಸಲ ಸೀಟಿ ಊದುತ್ತಾರೆ. ಶ್ಯಾಮಲಮ್ಮ ಕುಕ್ಕರ್ ಅಂದುಕೊಂಡು ಒಲೆ ಆರಿಸುತ್ತಾರೆ. ಬೇಳೆ ಅರ್ಧಂಬರ್ಧ ಬೆಂದಿರುತ್ತದೆ, ಆದರೆ ಮೂವರೂ ಒಟ್ಟಿಗೆ ಕೂತು ಉಣ್ಣುತ್ತಾರೆ.